ಎರಡು ಬುಟ್ಟಿಗಳ ನಡುವೆ ಮೂವತ್ತನಾಲ್ಕು ಹುಣ್ಣಿಮೆ

ದಾಲಾತ್ ಬೆಟ್ಟದೂರಿನಲ್ಲಿ ಗುಲಾಬಿ ಬೆಳೆಯಬಲ್ಲವರು ಬಹಳ ಮಂದಿ. ಆದರೆ ಕಾಡುಗುಲಾಬಿಯ ಬೇರಿಗೆ ಕಣ್ಣುಕಸಿ ಕಟ್ಟಿ, ಅದು ಹಿಡಿಯುವವರೆಗೆ ಹಸುಗೂಸಿನಂತೆ ಕಾಯಬಲ್ಲವರೆಂದರೆ ಸಾರ್ವಜನಿಕ ಗುಲಾಬಿ ತೋಟದ ಶ್ರೀಮತಿ ಖುಯೆಯವರೇ ಎಂಬುದನ್ನು ಅವರೊಡನೆ ದುಡಿದ ನಾವೆಲ್ಲ ಒಪ್ಪುತ್ತೇವೆ. ಮೂವತ್ತನಾಲ್ಕು ವರ್ಷಗಳ ಸೇವೆ ಮುಗಿಸಿ ಅವರೀಗ ನಿವೃತ್ತರಾಗುತ್ತಿದ್ದಾರೆ.

ತಾಯಂದಿರನ್ನು ನೆನೆಯುವ ಏಳನೆಯ ತಿಂಗಳ ಹುಣ್ಣಿಮೆಯಂದು, ಬುದ್ಧನ ಪಗೋಡಕ್ಕೆ ಹೋಗುವ ಮೊದಲು, ಊರಿಗೆ ಊರೇ ತೋಟಕ್ಕೆ ಬರುತ್ತದೆ. ತಾಯಿ ಇದ್ದವರ ಎದೆಗೆ ಕೆಂಪು ಗುಲಾಬಿ, ಇಲ್ಲದವರಿಗೆ ಬಿಳಿಯದು. ಬಾಗಿಲಲ್ಲಿ ಎರಡು ಬುಟ್ಟಿಗಳ ನಡುವೆ ಕುಳಿತು ಸಿಕ್ಕಿಸುತ್ತಿದ್ದವರು ಖುಯೆಯವರು. ಅವರ ಅಂಗಿಯ ಮೇಲೆ ಮಾತ್ರ ಯಾವ ಹೂವೂ ಇರುತ್ತಿರಲಿಲ್ಲ.

“ಊರಿಗೆಲ್ಲ ಹೂ ಹಂಚ್ತೀರಿ, ನಿಮಗೇ ಬರಗಾಲವೇನಕ್ಕಾ?” ಎಂದು ಹೊಸದಾಗಿ ಕೆಲಸಕ್ಕೆ ಸೇರಿದ್ದ ಥೋವಾ ಒಮ್ಮೆ ಛೇಡಿಸಿದಳು.

“ನನ್ನ ಬಣ್ಣದ್ದು ಇನ್ನೂ ಅರಳಿಲ್ಲ ಕಣೇ.”

ಥೋವಾ ನಕ್ಕಳು. ಉಳಿದವರು ನಗಲಿಲ್ಲವೆಂಬುದು ಆಮೇಲೆ ಅವಳಿಗೆ ಹೊಳೆಯಿತು. ಖುಯೆಯವರಿಗೆ ಒಂಬತ್ತು ವರ್ಷವಿದ್ದಾಗ, ಯುದ್ಧದ ಕಡೆಯ ವಸಂತದಲ್ಲಿ, ಕೋಸು ಮಾರಲು ಘಾಟಿ ಇಳಿದ ತಾಯಿ ಮರಳಲೇ ಇಲ್ಲ. ಹೆಣ ಸಿಗಲಿಲ್ಲ, ಸುದ್ದಿಯೂ ಬರಲಿಲ್ಲ. ಬಿಳಿ ತೊಟ್ಟರೆ ತಾಯಿಯನ್ನು ತಾವೇ ಕೊಂದಂತೆ. ಕೆಂಪು ತೊಟ್ಟರೆ ಬುದ್ಧನೆದುರು ಸುಳ್ಳಾಡಿದಂತೆ.

ಒಂದು ವರ್ಷ ಥಾಚ್ ಎಂಬಾತ ಆಸ್ಪತ್ರೆಯಿಂದ ನೇರವಾಗಿ ಬಂದು ಕೆಂಪು ಬುಟ್ಟಿಯ ಮುಂದೆ ನಿಂತುಬಿಟ್ಟ. ಅವನ ತಾಯಿ ಆ ಬೆಳಗಿನಲ್ಲೇ ತೀರಿಕೊಂಡಿದ್ದಳು. “ಇವತ್ತೊಂದು ದಿನ ಕೆಂಪೇ ಇರಲಿ ತಮ್ಮಾ,” ಎಂದು ಖುಯೆಯವರು ಸಿಕ್ಕಿಸಿದರು, “ಬಿಳಿಗೆ ಬೇಕಾದಷ್ಟು ವರ್ಷ ಇದೆ.”

ಕಳೆದ ವರ್ಷ ಅವರ ಅಣ್ಣ ಕ್ವಿ ತೋಟಕ್ಕೇ ಬಂದು ಜಗಳ ತೆಗೆದರು. ತೀರಿದ ದಿನ ಗೊತ್ತುಮಾಡದೆ ನಮ್ಮ ಮನೆಗಳಲ್ಲಿ ಎಡೆ ಇಡುವಂತಿಲ್ಲ.

“ಅಮ್ಮ ಹೊರಟ ದಿನವನ್ನೇ ತಿಥಿ ಅಂತ ಇಟ್ಕೊಳ್ಳೋಣ ಅಂದ್ರೆ ನೀನು ಒಪ್ಪಲ್ಲ. ಐವತ್ತು ವರ್ಷ ಆಗ್ತಾ ಬಂತು! ಎಲ್ಲರ ಅಮ್ಮಂದಿರೂ ಎಡೆ ಉಣ್ತಾರೆ. ನಮ್ಮಮ್ಮ ಇನ್ಯಾರದೋ ಬಾಗಿಲಲ್ಲಿ ಹಸಿದು ನಿಂತಿರ್ಬೇಕೇ?”

ತಂಗಿ ಕಸಿಯ ಪಟ್ಟಿ ಸುತ್ತುತ್ತಲೇ ಇದ್ದರು. ಅಂದು ಕಟ್ಟಿದ ಕಸಿಗಳಲ್ಲಿ ಒಂದೂ ಹಿಡಿಯಲಿಲ್ಲ.

ಈ ಸಲದ ಹುಣ್ಣಿಮೆಯಂದು, ಬುಟ್ಟಿಗಳು ಬರಿದಾಗುತ್ತ ಬಂದಾಗ, ಅವರು ಥೋವಾಳನ್ನು ಕರೆದು ಅವಳ ಕೈಗೆ ಬಿಳಿ ಗುಲಾಬಿಯೊಂದನ್ನಿಟ್ಟರು.

“ಸಿಕ್ಕಿಸೇ ನನಗೆ.”

ಥೋವಾ ಸಿಕ್ಕಿಸುವಾಗ ಪಿನ್ನು ಅವರಿಗೆ ಚುಚ್ಚಿತು. ಖುಯೆಯವರು ಮಿಸುಕಲಿಲ್ಲ.

“ಇಷ್ಟು ವರ್ಷ ಅಮ್ಮನ್ನ ಉಪವಾಸ ಇಟ್ಟೆನಲ್ಲೇ,” ಎಂದರು.

ಅವರ ಮಗಳು ನ್ಯಾನ್, ಕೆಂಪು ಹೂ ತೊಟ್ಟು, ಪಕ್ಕದಲ್ಲೇ ನಿಂತಿದ್ದಳು. ಖುಯೆಯವರ ಕಸಿಯ ಕೆಲಸ ಇನ್ನು ಮನೆಯಂಗಳದಲ್ಲಿ ಸಾಗಲಿ. ಆ ಮಗಳು ತಲೆ ನರೆತ ಮೇಲೂ ಈ ತೋಟದ ಬಾಗಿಲಿಗೆ ಬಂದು ಕೆಂಪು ಹೂವನ್ನೇ ಕೇಳುವಂತಾಗಲಿ ಎಂದು ಬುದ್ಧನಲ್ಲಿ ಬೇಡಿಕೊಳ್ಳುತ್ತೇವೆ.