ಕಣ್ಣಿನ ಕೆಳಗಿನ ಒಂದೂವರೆ ಮೀಟರ್

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮುಚ್ಚಿದ ಕಾರ್ಖಾನೆಯ ಅಂಗಳದಲ್ಲಿ ಐವತ್ತೆರಡರ ಹೆಂಗಸೊಬ್ಬರು ಮೂರು ಕಾಲಿನ ಸ್ಟ್ಯಾಂಡ್ ಊರಿ, ಕೋನ ಅಳೆಯುವ ದುರ್ಬೀನಿಗೆ ಕಣ್ಣು ಕೊಟ್ಟು, ಬಿರುಕು ಬಿಟ್ಟ ಚಿಮಣಿಯ ತುದಿ ಹುಡುಕುತ್ತಿದ್ದಾರೆ. ಎಡ ಅಂಗೈಯಲ್ಲಿ ಪೆನ್ನಿನಿಂದ 'ಒಂದೂವರೆ' ಎಂದು ಬರೆದುಕೊಂಡಿದ್ದಾರೆ. ಅದು ನೆಲದಿಂದ ದುರ್ಬೀನಿನ ಎತ್ತರ. ಎಲ್ಲರೂ ಇವರನ್ನು ಕರೆಯುವುದು ಅಳತೆ ಅಕ್ಕ ಎಂದೇ. ಇವರ ಜೊತೆ ಟೇಪು ಹಿಡಿಯುವ ಕೆಲಸ ನನ್ನದು.

ಇಪ್ಪತ್ತೇಳು ವರ್ಷಗಳಿಂದ ಇದೇ ಕೆಲಸ. ನೀರಿನ ಟ್ಯಾಂಕು, ಟವರು, ಗಡಿಯಾರದ ಗೋಪುರ, ಒಂದನ್ನೂ ಹತ್ತದೆ ಎತ್ತರ ಹೇಳುತ್ತಾರೆ. ಕೋನ ನಲವತ್ತೈದು ಡಿಗ್ರಿ ಆಗುವವರೆಗೆ ಹಿಂದೆ ಮುಂದೆ ಸರಿಯುವುದು ಇವರ ಪದ್ಧತಿ. "ನಲವತ್ತೈದು ಬಂತು ಅಂದ್ರೆ ತಲೆ ಕೆಡಿಸ್ಕೊಳ್ಳೋದೇ ಬೇಡ. ಬುಡಕ್ಕೂ ನನಗೂ ಎಷ್ಟು ದೂರವೋ, ನನ್ನ ಕಣ್ಣಿಂದ ಮೇಲಕ್ಕೆ ಅಷ್ಟೇ ಎತ್ತರ. ಕಣ್ಣಿಂದ ಕೆಳಗಿರೋದನ್ನ ಕೂಡಿಸ್ಕೋಬೇಕು, ಅಷ್ಟೆ." ಕೆಲಸಕ್ಕೆ ಸೇರಿದ ವರ್ಷ ಒಮ್ಮೆ ಕೂಡಿಸಲು ಮರೆತಿದ್ದರು. "ನೆಲದ ಮೇಲೆ ಬೋರಲು ಮಲ್ಕೊಂಡು ಅಳೆದ್ಯೇನಮ್ಮಾ" ಎಂದು ಮೇಲಿನವರು ಛೇಡಿಸಿದರಂತೆ. ಅಂಗೈ ಬರಹ ಶುರುವಾದದ್ದು ಅಂದಿನಿಂದ.

ಈ ಚಿಮಣಿ ಇಂದು ಬಿದ್ದೀತೋ ನಾಳೆ ಬಿದ್ದೀತೋ ಎಂಬಂತಿದೆ. ಅದರ ಎತ್ತರದಷ್ಟು ದೂರದೊಳಗಿನ ಮನೆಗಳೆಲ್ಲ ಖಾಲಿಯಾಗಬೇಕೆಂದು ಆದೇಶ. ಬುಡದಿಂದ ನಲವತ್ತೇಳನೇ ಮೀಟರಿಗೆ ಹನ್ನೊಂದು ಮನೆಗಳ ಸಾಲಿದೆ. ಮೂರನೆಯದು ಇವರ ಒಡಹುಟ್ಟಿದ ತಂಗಿಯದು. ಒಳಗೆ ಪಾರ್ಶ್ವವಾಯು ಬಡಿದ ಗಂಡ ಮಲಗಿದ್ದಾರೆ. ಬಿಟ್ಟು ಹೋಗಲು ಬೇರೆ ಜಾಗವಿಲ್ಲ. ಅಕ್ಕನದೋ ಮೂರನೇ ಮಹಡಿಯಲ್ಲಿ ಒಂದೇ ಕೋಣೆ, ಲಿಫ್ಟ್ ಇಲ್ಲ.

ಕೋನ ನಲವತ್ತೈದಕ್ಕೆ ನಿಂತಿದೆ. ಟೇಪು ನಲವತ್ತಾರು ಮೀಟರ್ ಎನ್ನುತ್ತದೆ. ಅಷ್ಟಕ್ಕೇ ಬಿಟ್ಟರೆ ಸಾಲಿಗೆ ಸಾಲೇ ಉಳಿಯುತ್ತದೆ. ತಂಗಿ ಪಕ್ಕದಲ್ಲೇ ನಿಂತಿದ್ದಾರೆ. ಅಕ್ಕನ ಹಳೇ ತಪ್ಪಿನ ಕಥೆ ಅವರಿಗೆ ಬಾಯಿಪಾಠ.

"ಅಕ್ಕಾ, ಇನ್ನೊಂದ್ಸಲ ಮರ್ತುಬಿಡೆ."

ಅಳತೆ ಅಕ್ಕ ಸ್ಟ್ಯಾಂಡ್ ಕಿತ್ತು ಮತ್ತೆ ಊರುತ್ತಾರೆ. ಮೂರು ಸಲ ಅಳೆದರೂ ಅದೇ ಲೆಕ್ಕ. ಅಂಗೈಯನ್ನು ಬಟ್ಟೆಗೆ ಉಜ್ಜಿಕೊಳ್ಳುತ್ತಾರೆ, ಶಾಯಿ ಹೋಗುವುದಿಲ್ಲ. ಕೊನೆಗೆ ನಲವತ್ತೇಳೂವರೆ ಎಂದು ಬರೆದು ಸಹಿ ಹಾಕುತ್ತಾರೆ. ತಂಗಿ ತಿರುಗಿಯೂ ನೋಡದೆ ಹೊರಟುಹೋಗುತ್ತಾರೆ. ನಾನು ಟೇಪು ಸುತ್ತಿಕೊಡುತ್ತೇನೆ.

"ಈ ಚಿಮ್ನಿ ಯಾವತ್ತೂ ಬೀಳ್ದೇ ಇರ್ಲಿ," ಎನ್ನುತ್ತಾರೆ ಅಕ್ಕ, ದುರ್ಬೀನನ್ನು ಪೆಟ್ಟಿಗೆಗೆ ಇಡುತ್ತಾ. "ಸುಮ್‌ಸುಮ್ನೆ ಮನೆ ಬಿಡಿಸಿದ್ಲು ಅಂತ ಅವಳು ನೂರು ವರ್ಷ ಬದುಕಿ ನನ್ನ ಬೈತಾನೇ ಇರ್ಲಿ."