ಸಾಹೇಬರ ಲೆಕ್ಕದಲ್ಲಿ ಇಲ್ಲದ ತಪ್ಪು

ನಾನು ಶಾಲೆ ಬಿಟ್ಟದ್ದು ಎಪ್ಪತ್ತೊಂಬತ್ತರಲ್ಲಿ, ಏಳನೇ ತರಗತಿಗೆ. ನಕ್ಷೆ ಓದುವುದನ್ನು ನನಗೆ ಕಲಿಸಿದವರು ಕೊಟ್ಟೂರಿನ ಇಂಜಿನಿಯರ್ ಸಾಹೇಬರು. ಮೊನ್ನೆ ಗೋಡೌನಿನಲ್ಲಿ ಸೆಂಟ್ರಿಂಗ್ ಶೀಟುಗಳ ಹಿಂದೆ ಅವರದೊಂದು ನಕ್ಷೆಯ ಸುರುಳಿ ಸಿಕ್ಕಿತು. ನೀಲಿ ಗೆರೆಗಳು ಮಾಸಿವೆ, ಸಹಿ ಮಾತ್ರ ಹಾಗೇ ಇದೆ...

ತೊಂಬತ್ತೇಳರಲ್ಲಿ ಹಗರಿಬೊಮ್ಮನಹಳ್ಳಿಯ ಸಾವುಕಾರರೊಬ್ಬರ ಮಳಿಗೆ ಕಟ್ಟುತ್ತಿದ್ದೆವು. ನಕ್ಷೆ ಸಾಹೇಬರದು, ಕೆಲಸ ನನ್ನದು. ವಿಮೆ ಮಾಡಿಸಲೇಬೇಕೆಂದು ಸಾವುಕಾರರು ಹಟ ಹಿಡಿದಾಗ ಅದನ್ನು ನನಗೆ ಬಿಡಿಸಿ ಹೇಳಿದವರೂ ಸಾಹೇಬರೇ.

“ಕೆಲಸದಾಗ ತಪ್ಪಾಗಿ ಬಿದ್ರ ನಿನ್ನ ಪಾಲಿಸಿ ಕೊಡತೈತಿ. ನಕ್ಷಿ ತಪ್ಪಿದ್ರ ಅದು ಕೊಡಂಗಿಲ್ಲ, ನನ್ನ ಕುತ್ತಿಗಿಗೆ ಬರತೈತಿ.”

“ನೀವೂ ಒಂದು ಮಾಡಿಸಿಬಿಡ್ರಿ ಸಾಹೇಬ್ರ.”

“ಕೊಟ್ಟೂರಾಗ ಕುಂತು ಗೆರಿ ಎಳಿಯಾಂವಗ ಯಾವ ಕಂಪನಿ ಕೊಡತೈತಲೇ? ನನಗ ಗುಣಾಕಾರ, ಭಾಗಾಕಾರನ ವಿಮೆ” ಎಂದು ನಕ್ಕಿದ್ದರು.

ಬಾಲ್ಕನಿಯ ಕಂಬಿ ಪರೀಕ್ಷಿಸಿ, ನಾಳೆಯೇ ಕಾಂಕ್ರೀಟ್ ಹಾಕಿ ಇಪ್ಪತ್ತೊಂದು ದಿನ ಕೆಳಗಿನ ಶೀಟು, ಆಸರೆ ಮುಟ್ಟಬೇಡವೆಂದು ಹೇಳಿ, ಸಾಹೇಬರು ಮಗಳ ಊರಿಗೆ ಹೋದರು. ಸಿಮೆಂಟ್ ಬಂದದ್ದು ಹನ್ನೆರಡು ದಿನ ತಡವಾಗಿ. ಅಷ್ಟರಲ್ಲಿ ಹಡಗಲಿಯ ಕೆಲಸಕ್ಕೆ ಶೀಟು ಬೇಕಾದವು. ಕಾಂಕ್ರೀಟ್ ಹಾಕಿದ ಒಂಬತ್ತನೇ ದಿನವೇ ಆಸರೆ ಬಿಚ್ಚಿಸಿದೆ. ಸಿಮೆಂಟ್ ತಡವಾದದ್ದು ತಿಳಿಯದ ಸಾಹೇಬರ ಎಣಿಕೆಗೆ ಅದು ಇಪ್ಪತ್ತೊಂದನೆಯದು. ಮಧ್ಯಾಹ್ನ ಆಳುಗಳು ಬುತ್ತಿ ಬಿಚ್ಚಿ ಕೂತಿದ್ದಾಗ ಬಾಲ್ಕನಿ ಕೆಳಗೆ ಬಂತು. ಯಾರಿಗೂ ಪೆಟ್ಟಾಗಲಿಲ್ಲ.

ವಿಮೆಯವರು ಬಂದು, ಆಸರೆ ಎಷ್ಟು ದಿನಕ್ಕೆ ತೆಗೆದಿರಿ ಎಂದು ಕೇಳಿದರು. ನಿಜ ಹೇಳಿದ್ದರೆ ಪಾಲಿಸಿ ಕೊಡುತ್ತಿತ್ತು. ಹೋಗುತ್ತಿದ್ದದ್ದು ನನ್ನ ಹೆಸರೊಂದೇ. ಅದನ್ನೇ ಬಿಡಲಾಗಲಿಲ್ಲ. ಓದಿದವರ ಎದುರು, ಸುತ್ತ ನೆರೆದ ಜನರ ಎದುರು, ಅವಸರ ಮಾಡಿದೆ ಎನ್ನಲು ನಾಲಗೆ ಏಳಲಿಲ್ಲ.

“ಇಪ್ಪತ್ತೊಂದು ದಿನ ತುಂಬಿಸೀನ್ರಿ. ನಕ್ಷಿದಾಗ ಇದ್ದಂಗ ಮಾಡೀನಿ” ಎಂದೆ.

ನಕ್ಷೆಯ ದೋಷವೆಂದು ಬರೆದುಕೊಂಡು ಹೋದರು. ಪಾಲಿಸಿ ಏನೂ ಕೊಡಲಿಲ್ಲ. ಊರಿಂದ ಬಂದ ಸಾಹೇಬರು ವಾದ ಮಾಡಲಿಲ್ಲ.

“ನೀ ಸುಳ್ಳು ಹೇಳಾಂವಲ್ಲ. ನನ್ನ ಲೆಕ್ಕದಾಗನ ಎಲ್ಲೋ ತಪ್ಪೈತಿ” ಎಂದರು. ತಮ್ಮ ಸೈಟು ಮಾರಿ ಬಾಲ್ಕನಿಯನ್ನು ಮತ್ತೆ ಕಟ್ಟಿಸಿದರು, ನನ್ನ ಕೈಯಿಂದಲೇ.

ಆಮೇಲೆ ಅವರು ಯಾರ ನಕ್ಷೆಗೂ ಸಹಿ ಹಾಕಲಿಲ್ಲ. ಯಾವಾಗ ಹೋದರೂ ಅದೇ ಬಾಲ್ಕನಿಯ ಲೆಕ್ಕವನ್ನು ಮೊದಲಿನಿಂದ ಬಿಡಿಸುತ್ತ ಕೂತಿರುತ್ತಿದ್ದರು.

“ಬಾರಲೇ, ಕುಂದ್ರು. ಇನ್ನೂ ಸಿಗವಲ್ದು ನೋಡು.”

ನಾನು ಚಹಾ ಕುಡಿದು ಎದ್ದು ಬರುತ್ತಿದ್ದೆ... ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತ ಏಳು ವರ್ಷ ಕಳೆದೆ. ಕೊನೆಗೆ ಅವರ ಮಣ್ಣಿಗೆ ಹೋಗಿ, ಹೆಗಲು ಕೊಟ್ಟು, ಸುಮ್ಮನೆ ಬಂದೆ. ಲೆಕ್ಕ ಸರಿ ಇತ್ತೆಂಬ ಮಾತನ್ನು ಕೇಳಬೇಕಾಗಿದ್ದವರು ಅವರೊಬ್ಬರೇ.

ಈಗ ನನ್ನ ಕೈಕೆಳಗೆ ಹದಿನಾಲ್ಕು ಆಳುಗಳಿದ್ದಾರೆ. ಎರಡು ಮಿಕ್ಸರ್, ಮುನ್ನೂರು ಶೀಟು, ಮೂರು ಪಾಲಿಸಿ ಇವೆ. ಕಟ್ಟಿದ್ದು ನೂರಾ ಹನ್ನೊಂದು ಕಟ್ಟಡ. ಬೀಳಿಸಿದ್ದು ಒಂದು ಬಾಲ್ಕನಿ, ಒಬ್ಬ ಮನುಷ್ಯ.