ರಾಮಕ್ಕ ಮಗುವನ್ನು ಎತ್ತಿಕೊಂಡ ಸಂಜೆ

ಮೊಳಕಾಲ್ಮುರಿನ ಮೊದಲ ಬೆಳಿಗ್ಗೆ ನನ್ನನ್ನು ಎಬ್ಬಿಸಿದ್ದು ಗೋಡೆ. ಧಡ್ ಧಡ್ ಎಂದು ಅದುರುತ್ತಿತ್ತು. ಗಾಬರಿಯಿಂದ ಹೊರಗೆ ಓಡಿದರೆ ಬೀದಿ ತನ್ನ ಪಾಡಿಗೆ ತಾನಿತ್ತು. ಪಕ್ಕದ ಮನೆಯವರು ಗುಂಡಿ ಮಗ್ಗದಲ್ಲಿ, ಅಂದರೆ ನೆಲದ ಗುಂಡಿಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗದಲ್ಲಿ, ರೇಷ್ಮೆ ಸೀರೆ ನೇಯುತ್ತಿದ್ದರು.

ತೊಂಬತ್ತರ ದಶಕದ ನಡುವೆ ಗಂಡನಿಗೆ ಇಲ್ಲಿನ ಹೈಸ್ಕೂಲಿನಲ್ಲಿ ಮೇಷ್ಟರ ಕೆಲಸ ಸಿಕ್ಕಿ, ಮಲ್ಪೆಯ ಕಡಲು ಬಿಟ್ಟು ಬಂದೆವು. ಕ್ರೈಸ್ತರೆಂದಾಗ ಮನೆಯೊಡೆಯರು, ನಿಮ್ಮ ಪೂಜೆ ಹೆಂಗೆ ಎಂದು ವಿಚಾರಿಸಿದರು. ದಿನಾ ಸಂಜೆ ಒಂದು ಹಾಡು, ಒಂದು ಪ್ರಾರ್ಥನೆ ಎಂದೆ. ಬೀಗದ ಕೈ ಕೊಟ್ಟರು.

ಮಲ್ಪೆಯಲ್ಲಿ ನಮಗೆ ಕೂಗಳತೆಯಲ್ಲಿ ಚರ್ಚು. ಇಲ್ಲಿ ತಿಂಗಳಿಗೊಮ್ಮೆ ಬಸ್ಸು ಹತ್ತಿ ಚಳ್ಳಕೆರೆಗೆ ಹೋದರೆ ಐದಾರು ಮನೆಯವರ ಸಣ್ಣ ಕೂಟ. ಅಲ್ಲಿ ಕುಚ್ಚಲಕ್ಕಿ ಗಂಜಿ, ಮೀನು. ಇಲ್ಲಿ ಮುದ್ದೆ, ಶೇಂಗಾ ಚಟ್ನಿ. ಮುದ್ದೆಯನ್ನು ಅಗಿಯದೆ ನುಂಗಲು ಕಲಿತ ದಿನ ಊರಿಗೆ ಕಾಗದ ಬರೆದೆ.

ಎರಡನೇ ವರ್ಷ ಮಗಳು ಏಳು ತಿಂಗಳಿಗೇ ಹುಟ್ಟಿದಳು. ಚಿತ್ರದುರ್ಗದ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಅನೇಕ ದಿನ ಇಟ್ಟು ಮನೆಗೆ ಕಳಿಸಿದರು. ಉಸಿರಿನ ಮೇಲೆ ಕಣ್ಣಿಡಿ ಎಂದಿದ್ದರು ಡಾಕ್ಟರು. ಕಣ್ಣಿಟ್ಟೆ, ಬೇರೆ ಎಲ್ಲದರಿಂದಲೂ ಕಣ್ಣು ಕಿತ್ತೆ. ಬೈಬಲ್ಲು ತೆರೆದರೆ ಅಕ್ಷರ ಕೂಡುತ್ತಿರಲಿಲ್ಲ. ಆ ಸಣ್ಣ ಎದೆ ಏರಿತೇ, ಇಳಿಯಿತೇ, ಅಷ್ಟೇ ನನ್ನ ಲೋಕ. ಸಂಜೆಯ ಹಾಡು ನಿಂತುಹೋಯಿತು. ಗಂಡ ಒಬ್ಬರೇ ಮೆಲ್ಲಗೆ ಪ್ರಾರ್ಥಿಸಿ ಏಳುತ್ತಿದ್ದರು.

ಒಂದು ವಾರ ಕಳೆದಿರಬಹುದು, ಪಕ್ಕದ ಮನೆಯ ನೇಕಾರರ ತಾಯಿ ರಾಮಕ್ಕ ಬಂದರು. ಅವರ ಮನೆ ಮಾತು ತೆಲುಗು.

"ಏಮ್ಮಾ, ಪಾಟ ಯಾಕೆ ನಿಲ್ಲಿಸಿದ್ದೀಯ?"

ಮೇಷ್ಟರ ಪಾಠದ ಸಂಗತಿ ಎಂದುಕೊಂಡೆ. ಪಾಟ ಎಂದರೆ ತೆಲುಗಿನಲ್ಲಿ ಹಾಡಂತೆ. ಸಂಜೆ ಮಗ್ಗ ನಿಲ್ಲಿಸಿದ ಮೇಲೆ ಆಕೆ ಗೋಡೆಗೊರಗಿ ನನ್ನ ಹಾಡು ಕೇಳುತ್ತಿದ್ದರಂತೆ. ಮಗುವಿನ ಉಸಿರಿನಿಂದಾಚೆ ಮನಸ್ಸು ಹೋಗುತ್ತಿಲ್ಲ, ದೇವರೂ ನೆನಪಾಗುತ್ತಿಲ್ಲ ಎಂದು ಹೇಳುತ್ತಾ ಅತ್ತುಬಿಟ್ಟೆ.

ರಾಮಕ್ಕ ಮಗುವನ್ನು ಮಡಿಲಿಗೆ ತೆಗೆದುಕೊಂಡರು. "ಇದರ ಉಸಿರು ನಾನು ನೋಡ್ತೀನಿ. ನೀನು ನಿನ್ನ ದೇವರ ಕಡೆ ನೋಡು," ಎಂದರು.

ಹಾಡಿದೆ. ಎರಡನೇ ಸಾಲಿಗೇ ನಿಂತುಬಿಟ್ಟೆ. ಆಕೆ ಕಾದರು. ನಾನು ಮುಂದುವರಿಸದಿದ್ದಾಗ, ಪದ ತಿಳಿಯದಿದ್ದರೂ ಧಾಟಿಯನ್ನು ಗುನುಗಿ ಎತ್ತಿಕೊಟ್ಟರು. ಕೊನೆಯವರೆಗೆ ಹಾಡಿ ಕಣ್ಣು ಬಿಟ್ಟಾಗ ಮಗು ನಿದ್ದೆ ಹೋಗಿತ್ತು. ರಾಮಕ್ಕ ಅದರ ಎದೆಯನ್ನೇ ನೋಡುತ್ತಿದ್ದರು.

ಆಮೇಲೆ ತಿಂಗಳುಗಟ್ಟಲೆ ಹಾಗೇ ನಡೆಯಿತು. ಭಯ ಒಂದೇ ದಿನಕ್ಕೆ ಹೋಗಲಿಲ್ಲ, ಆದರೆ ದಿನಕ್ಕೊಂದು ಗಳಿಗೆ ಅದಕ್ಕೆ ಬೆನ್ನು ಹಾಕಿ ಕೂರಲು ಕಲಿತೆ. ಮಗಳು ತಡವಾಗಿ ನಡೆದಳು. ನಡೆದದ್ದೂ ರಾಮಕ್ಕನ ಮಗ್ಗದ ಮನೆಯಲ್ಲೇ. ಈಗ ಆಕೆ ಇಲ್ಲ. ಆ ಸಂಜೆಗಳನ್ನು ನೆನೆದರೆ, ಕಷ್ಟದ ಕಾಲಕ್ಕೂ ಮನಸ್ಸು ಹಂಬಲಿಸುತ್ತದಲ್ಲ ಎಂದು ಅಚ್ಚರಿಯಾಗುತ್ತದೆ.

ಕಳೆದ ಕ್ರಿಸ್‌ಮಸ್‌ಗೆ ಮಲ್ಪೆಗೆ ಹೋಗಿದ್ದೆ. ಚರ್ಚಿನಲ್ಲಿ ಮೆಲುದನಿಯಲ್ಲಿ ಪ್ರಾರ್ಥಿಸುವಾಗ, "ಎಲ್ಲಾ ನಿನ್ನ ಕೈಯಾಗೈತೆ ತಂದೆ" ಎಂದು ಬಾಯಿಗೆ ಬಂತು. ಪಕ್ಕದ ಹುಡುಗಿ ತಿರುಗಿ, ಯಾವ ಊರಿನವರು ಎಂದು ಕೇಳಿದಳು.

ಮೊಳಕಾಲ್ಮುರು ಎಂದೆ. ನನಗೆ ದೀಕ್ಷಾಸ್ನಾನವಾದದ್ದು ಇದೇ ಚರ್ಚಿನಲ್ಲಿ ಎಂದೂ ಹೇಳಬೇಕೆನಿಸಿತು. ಅಷ್ಟರಲ್ಲಿ ಎಲ್ಲರೂ ಹಾಡಲು ಎದ್ದುನಿಂತಿದ್ದರು.